ಸ್ವೀಡನ್ನಿನ ಧೈರ್ಯಪ್ಪನೂ ಹೊಸದುರ್ಗದ ನಾನೂ

ಪಾಸ್‌ಪೋರ್ಟ್ ಮಾಡಿಸುವಾಗ ಮನುಷ್ಯ ತುಸು ಎಚ್ಚರದಿಂದಿರಬೇಕು. ನಾನು ಇರಲಿಲ್ಲ. ಎಚ್. ಬಿ. ಚಂದ್ರಶೇಖರ ಎಂದು ಹಾಜರಿ ಕೂಗಿಸಿಕೊಂಡು, ಹಾಗೆಂದೇ ಎಂಜಿನಿಯರಿಂಗ್ ಪಾಸಾದ ನನಗೆ ಕೌಂಟರಿನಲ್ಲಿ ಕೂತಿದ್ದವರು, ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಿರಿ ಎಂದರು. ಬಿಡಿಸಿ ಬರೆದೆ: ಹೊಸದುರ್ಗ ಬಸಪ್ಪ ಚಂದ್ರಶೇಖರ. ಊರು, ಅಪ್ಪ, ಆಮೇಲೆ ನಾನು. ದೊಡ್ಡವರನ್ನು ಮುಂದೆ ಬಿಟ್ಟು ಹಿಂದೆ ಕೈಕಟ್ಟಿ ನಿಲ್ಲುವ ನಮ್ಮ ಕಡೆಯ ಸಂಸ್ಕಾರವೇ ಅದು. ಅದರ ಫಲ ಏನೆಂದು ತಿಳಿದದ್ದು ಬಹರೈನಿಗೆ ಬಂದ ಮೇಲೆ. ಇಲ್ಲಿ ಎಲ್ಲರೂ ಮೊದಲ ಪದವನ್ನು ಹಿಡಿದು ಕರೆಯುತ್ತಾರೆ. ಹೀಗಾಗಿ ವಿಮಾನ ಇಳಿದ ದಿನದಿಂದ ನಾನು ಮಿಸ್ಟರ್ ಹೊಸದುರ್ಗ.

ಮೀನಾ ಸಲ್ಮಾನ್ ಬಂದರಿನಲ್ಲಿ ಹಡಗಿನ ಪಂಪುಗಳನ್ನು ರಿಪೇರಿ ಮಾಡುವ ವರ್ಕ್‌ಶಾಪೊಂದರಲ್ಲಿ ನನ್ನ ಕೆಲಸ. ಅಲ್ಲಿ ಯಂತ್ರಗಳ ಸದ್ದಿನ ನಡುವೆ ಯಾರಾದರೂ 'ಹೊಸದುರ್ಗ! ಹೊಸದುರ್ಗ!' ಎಂದು ಕೂಗಿದರೆ, ಮೊದಲ ಒಂದು ವರ್ಷ ನಾನು ಎದ್ದು ಅವರ ಬಳಿ ಹೋಗುತ್ತಿರಲಿಲ್ಲ. ಹಿರಿಯೂರು ಬಸ್ ನಿಲ್ದಾಣದ ಕಂಡಕ್ಟರು ಕಣ್ಣಮುಂದೆ ಬಂದು, ಕೈ ತಾನಾಗಿ ಬ್ಯಾಗು ಹುಡುಕುತ್ತಿತ್ತು. ಆಮೇಲೆ ಉಚ್ಚರಿಸಲು ಕಷ್ಟವೆಂದು ಅವರು ಅದನ್ನು ಅರ್ಧಕ್ಕೆ ಕತ್ತರಿಸಿ 'ಮಿಸ್ಟರ್ ಹೊಸ' ಮಾಡಿದರು. ಹನ್ನೊಂದು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತು, ಆ ಕುರ್ಚಿಯೂ ನಾನೂ ಒಟ್ಟಿಗೇ ಸವೆದಿದ್ದೇವೆ. ಆದರೂ ನಾನಿನ್ನೂ ಹೊಸ.

ಈ ದುಃಖವನ್ನು ಅರ್ಥ ಮಾಡಿಕೊಂಡ ಮೊದಲಿಗ ಗುನ್ನಾರ್ ಮೂಡಿಗ್. ಸ್ವೀಡನ್ನಿನಿಂದ ಬಂದ ಎಂಜಿನಿಯರು. ಆರಡಿ ಮೀರಿದ ಆಳು, ಬಿಸಿಲಿಗೆ ಹುರಿದ ಸಿಗಡಿಯ ಬಣ್ಣದ ಮುಖ. ಬಂದ ಮೊದಲ ವಾರವೇ ನಮ್ಮ ಬಿಡಿಭಾಗಗಳ ಸ್ಟೋರಿನೊಳಕ್ಕೆ ಹೋದವನು, ಹೋದದ್ದಕ್ಕಿಂತ ಬೇಗ ಹೊರಗೆ ಬಂದ. ಒಳಗೆ ಗೋಡೆಯ ಮೇಲೆ ಹಲ್ಲಿ ಇತ್ತು. ನಮ್ಮ ಊರಿನದ್ದರಷ್ಟು ಲೊಚಗುಟ್ಟುವ ಸೌಜನ್ಯವೂ ಇಲ್ಲದ, ಬೆಳ್ಳಗಿನ, ಸಾಧು ಹಲ್ಲಿ. ನಾನು ಕಸಬರಿಕೆಯಲ್ಲಿ ಅದನ್ನು ಹೊರಗೆ ಸಾಗಹಾಕಿ ಬಂದೆ. ಆತ ಬೆವರು ಒರೆಸಿಕೊಂಡು ನನ್ನ ಕೈ ಕುಲುಕಿ, ಒಂದು ಗುಟ್ಟು ಹೇಳಲೇ ಎಂದ. ಅವರ ಭಾಷೆಯಲ್ಲಿ ಮೂಡಿಗ್ ಎಂದರೆ ಧೈರ್ಯವಂತ.

ಅಂದಿನಿಂದ ಅವನು ನನ್ನ ಪಾಲಿಗೆ ಧೈರ್ಯಪ್ಪನಾದ. ಧೈರ್ಯಪ್ಪನ ಹೆಸರಿನ ಕಥೆಯನ್ನು ನಿಮಗೂ ಹೇಳಬೇಕು. ಹಿಂದೆ ಸ್ವೀಡನ್ನಿನಲ್ಲಿ ಮನೆತನದ ಹೆಸರು ಎಂಬುದು ಸಾಮಾನ್ಯ ಜನಕ್ಕೆ ಇರಲೇ ಇಲ್ಲವಂತೆ. ಆಂಡರ್ಸನ ಮಗ ಆಂಡರ್ಸನ್, ಲಾರ್ಸನ ಮಗಳು ಲಾರ್ಸ್‌ದೋತರ್. ಅಪ್ಪ ಬದಲಾದಂತೆ ಹೆಸರೂ ಬದಲು. ಊರಿನಲ್ಲಿ ಇದು ನಡೆಯುತ್ತದೆ, ಸೈನ್ಯದಲ್ಲಿ ನಡೆಯುವುದಿಲ್ಲ. 'ಆಂಡರ್ಸ್ ಆಂಡರ್ಸನ್, ಮುಂದೆ ಬಾ' ಎಂದರೆ ಅರ್ಧ ದಳವೇ ಮುಂದೆ ಬಂದುಬಿಡುತ್ತದೆ. ಅದಕ್ಕೆ ಅಧಿಕಾರಿಗಳು ಸಿಪಾಯಿಗಳಿಗೆ ಚುಟುಕು ಹೆಸರುಗಳನ್ನು ಹಂಚಿದರು. ಒಬ್ಬ ರಾಸ್ಕ್, ಅಂದರೆ ಚುರುಕಿನವನು. ಒಬ್ಬ ಸ್ಟೋಲ್ಟ್, ಹೆಮ್ಮೆಯವನು. ಒಬ್ಬ ಖೋಲ್ಡ್, ಗುರಾಣಿ. ಒಬ್ಬ ಮೂಡಿಗ್. ಹೆಸರು ಕೊಡುವ ಮೊದಲು ಯಾರ ಧೈರ್ಯವನ್ನೂ ಪರೀಕ್ಷೆ ಮಾಡಿದಂತಿಲ್ಲ. ಇದಕ್ಕಿಂತ ಸೊಗಸಾದ ವಿಷಯವೆಂದರೆ, ಸಿಪಾಯಿಗೆ ಸರ್ಕಾರದ ವತಿಯಿಂದ ಒಂದು ಗುಡಿಸಲೂ ತುಂಡು ನೆಲವೂ ಇರುತ್ತಿದ್ದವು; ಅವನು ಸತ್ತರೆ, ಬಿಟ್ಟುಹೋದರೆ, ಅದೇ ಗುಡಿಸಲಿಗೆ ಬಂದ ಮುಂದಿನ ಸಿಪಾಯಿಗೆ ಎಷ್ಟೋ ಸಲ ಅದೇ ಹೆಸರು. ಹಿಂದಿನ ಧೈರ್ಯಪ್ಪ ಹೋದ, ಹೊಸ ಧೈರ್ಯಪ್ಪ ಬಂದ. ಹೀಗಾಗಿ ಗುನ್ನಾರನ ವಾದ ಇಷ್ಟು: ನನ್ನ ಹಲ್ಲಿ ಭಯಕ್ಕೆ ವಂಶದ ಮೇಲೆ ದೂರು ಹೊರಿಸಬೇಡ, ನಿಜವಾದ ಧೈರ್ಯವಂತ ನನ್ನ ಮುತ್ತಜ್ಜನಿಗಿಂತ ಹಿಂದಿನ ಬಾಡಿಗೆದಾರನಿರಬಹುದು.

ಮಧ್ಯಾಹ್ನದ ಊಟಕ್ಕೆ ನಾವಿಬ್ಬರೂ ಒಂದೇ ಮೇಜು. ಅವನು ನನ್ನ ಡಬ್ಬಿಯ ಚಿತ್ರಾನ್ನ ತಿನ್ನುತ್ತಿದ್ದ, ನಾನು ಅವನಿಂದ ಹೆಸರು ಕಲಿಯುತ್ತಿದ್ದೆ. ವ್ಯಾಪಾರ ನನಗೇ ಲಾಭದ್ದು. 'ಹೊಸ' ಎಂದರೇನೆಂದು ಹೇಳಿದಾಗ ಅವನು ಚಮಚ ಕೆಳಗಿಟ್ಟು, ನಮ್ಮಲ್ಲೂ ಇದ್ದಾರೆ ಕಣೋ, ನ್ಯೂಮಾನ್ ಅಂತ, ಹೊಸಬ ಎಂದೇ ಅರ್ಥ, ನೂರಾರು ವರ್ಷದಿಂದ ಹೊಸಬರಾಗಿಯೇ ಇದ್ದಾರೆ ಎಂದ. ನನಗೆ ಎಷ್ಟೋ ಸಮಾಧಾನವಾಯಿತು.

ಸ್ವೀಡನ್ನಿನ ಪೇಟೆಯ ಜನ ಮಾತ್ರ ಅಪ್ಪನ ಹೆಸರು ಸಾಲದೆಂದು ಕಾಡಿನ ಕಡೆ ಕಣ್ಣು ಹಾಯಿಸಿದರಂತೆ. ಪ್ರಕೃತಿಯಿಂದ ಎರಡು ಪದ ಆರಿಸು, ಜೋಡಿಸು, ಮುಗಿಯಿತು. ಬರ್ಗ್‌ಸ್ಟ್ರೋಮ್ ಎಂದರೆ ಬೆಟ್ಟ-ಹೊಳೆ. ಎಕ್‌ಬ್ಲಾದ್ ಎಂದರೆ ಓಕ್ ಮರದ ಎಲೆ. ಎರಡಕ್ಕೂ ಸಂಬಂಧವಿರಲೇಬೇಕೆಂಬ ಕಡ್ಡಾಯವಿಲ್ಲ. ಸರೋವರಬೆಟ್ಟ ಎಂಬ ಹೆಸರಿನವರು ಬಯಲಲ್ಲಿ ಹುಟ್ಟಿ ಬಯಲಲ್ಲೇ ಸತ್ತಿರಬಹುದು. ಪಾದ್ರಿಗಳು, ಪಂಡಿತರು ಇನ್ನೂ ಒಂದು ಕೈ ಮುಂದೆ: ತಮ್ಮ ಹಳ್ಳಿಯ ಹೆಸರಿಗೆ ಲ್ಯಾಟಿನ್ನಿನ 'ಇಯುಸ್' ಎಂಬ ಜುಟ್ಟು ಕಟ್ಟಿ ದೊಡ್ಡವರಾದರು. ಆ ಲೆಕ್ಕದಲ್ಲಿ ನಾನು ಹೊಸದುರ್ಗಿಯುಸ್. ಕನ್ನಡಿಯ ಮುಂದೆ ನಿಂತು ಒಂದೆರಡು ಸಲ ಹೇಳಿಕೊಂಡೆ. ರೋಮಿನ ಯಾವುದೋ ದಂಡನಾಯಕನ ಗತ್ತು ಬಂತು. ಒಳಗಿನಿಂದ ನನ್ನ ಹೆಂಡತಿ ವಿದ್ಯಾ, ಹಾಲು ತರಲು ಹೋಗುತ್ತೀರೋ ಇಲ್ಲವೋ ಎಂದು ಕೇಳಿದಾಗ ಗತ್ತು ಇಳಿಯಿತು.

ಇದೆಲ್ಲ ಊಟದ ಮೇಜಿನ ತಮಾಷೆಯಾಗಿ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ, ಏಕೆಂದರೆ ಆ ವರ್ಷ ಸಲ್ಮಾನಿಯಾದ ಆಸ್ಪತ್ರೆಯಲ್ಲಿ ನಮ್ಮ ಮಗಳು ಹುಟ್ಟಿದಳು. ಇಳಾ ಎಂಬ ಹೆಸರು ಮೊದಲೇ ನಿಶ್ಚಯವಾಗಿತ್ತು. ಜನನ ಪತ್ರದ ಅರ್ಜಿ ಹಿಡಿದು ಹೋದರೆ, ಕೌಂಟರಿನಲ್ಲಿದ್ದ ಬಹರೈನಿ ಹೆಂಗಸು ಪೆನ್ನಿನ ತುದಿಯಿಂದ ಖಾಲಿ ಜಾಗವೊಂದನ್ನು ತೋರಿಸಿದಳು. ಫ್ಯಾಮಿಲಿ ನೇಮ್. ಇಲ್ಲ ಎಂದೆ. ಅವಳು ನನ್ನನ್ನೂ, ಪಕ್ಕದಲ್ಲಿದ್ದ ವಿದ್ಯಾಳನ್ನೂ, ಅವಳ ತೋಳಿನಲ್ಲಿದ್ದ ಗಂಟನ್ನೂ ಒಂದೊಂದಾಗಿ ನೋಡಿ, "ನೋ ಫ್ಯಾಮಿಲಿ? ದೆನ್ ದಿಸ್ ಹೂ?" ಎಂದಳು. ಆಕೆ ನಕ್ಕು, ಯೋಚನೆ ಮಾಡಿ ಬರೆದುಕೊಂಡು ಬನ್ನಿ, ಆದರೆ ಬಹಳ ದಿನ ಬಿಡಬೇಡಿ ಎಂದು ಅರ್ಜಿ ವಾಪಸು ಕೊಟ್ಟಳು.

ಯೋಚನೆ ಮಾಡುವುದೇನು, ನನಗೆ ಉತ್ತರ ಗೊತ್ತಿತ್ತು. ಹೊಸದುರ್ಗದಲ್ಲಿ ನನ್ನ ಅಕ್ಕನ ಮನೆಯಲ್ಲಿರುವ ನಮ್ಮಪ್ಪ, ರಿಟೈರಾದ ಮೇಷ್ಟ್ರು, ಹೆಸರು ಎಚ್. ಸಿ. ಬಸಪ್ಪ. ಹೊಸದುರ್ಗ ಚನ್ನಪ್ಪ ಬಸಪ್ಪ. ಮೊಮ್ಮಗಳು ಹುಟ್ಟಿದ ಸುದ್ದಿ ಹೇಳಿದಾಗ ಅವರು ಫೋನಿನಲ್ಲೇ ಲೆಕ್ಕ ಹಾಕಿ ಕೂಗಿದ್ದರು: "ಲೇ ಚಂದ್ರು, ಹೊಸದುರ್ಗ ಚಂದ್ರಶೇಖರ ಇಳಾ! ಎಚ್. ಸಿ. ಇಳಾ! ಕೂಸಿಗೆ ನನ್ನ ಇನಿಶಿಯಲ್ಲೇ ಬಂತಲ್ಲೋ!" ನಲವತ್ತು ವರ್ಷ ಹಾಜರಿ ಪುಸ್ತಕ ಬರೆದ ಮನುಷ್ಯನಿಗೆ ಇದು ಸಣ್ಣ ಸಂತೋಷವಲ್ಲ. ಅಪ್ಪ ಇನಿಶಿಯಲ್ ಪಕ್ಷಪಾತಿ. ನಮ್ಮಲ್ಲಿ ಮನೆತನದ ಹೆಸರೇನು ಎಂದು ಕೇಳುವುದು ಎಷ್ಟೋ ಸಲ ಜಾತಿ ಯಾವುದು ಎಂದು ಕೇಳುವ ಮರ್ಯಾದಸ್ಥ ದಾರಿ. ಇನಿಶಿಯಲ್ಲಿಗೆ ಜಾತಿ ಇಲ್ಲ ಎಂದು ಅವರು ಮಕ್ಕಳಿಗೆಲ್ಲ ಹೇಳುತ್ತಿದ್ದರು. ಅಂಥವರು ಕೊಟ್ಟ ಎಚ್ ಅನ್ನು ನಾನು ಕಿತ್ತುಹಾಕುವುದುಂಟೆ?

ವಿದ್ಯಾ ಉಡುಪಿಯವಳು. ಅವಳ ಕಡೆ ಹೆಸರು ಮುಂದೆ, ಮನೆತನ ಹಿಂದೆ, ಎಂಜಿನ್ನಿಗೆ ಬೋಗಿ ತಗಲಿಸಿದಷ್ಟು ಸಲೀಸು. ನನ್ನ ಅರ್ಜಿಯಲ್ಲಿ 'ಹೊಸದುರ್ಗ ಚಂದ್ರಶೇಖರ ಇಳಾ' ಎಂದಿದ್ದುದನ್ನು ನೋಡಿ ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡೇ ಯುದ್ಧಕ್ಕೆ ನಿಂತಳು.

"ನಿಮಗೆ ಎಂತ ಮಂಡೆ ಸಮ ಉಂಟಾ ಮಾರಾಯ್ರೆ? ನಾಳೆ ಶಾಲೆಯಲ್ಲಿ ಇವಳನ್ನು ಹೊಸದುರ್ಗ ಅಂತ ಕರೀತಾರೆ. ಒಂದು ಹೆಣ್ಣುಮಗು ಜೀವಮಾನ ಇಡೀ ಬಸ್‌ ಸ್ಟ್ಯಾಂಡ್ ಆಗಿ ಇರ್ಬೇಕಾ?"

"ಅಪ್ಪಂಗೆ ಬೇಜಾರಾಗುತ್ತೆ ಕಣೇ."

"ಮಾವನ ಹತ್ರ ಕೇಳಿದ್ದೀರಾ ನೀವು? ಇಲ್ಲ ಅಲ್ವಾ? ಕೇಳದೆ ನೀವೇ ಅವರ ಪರವಾಗಿ ಬೇಜಾರು ಮಾಡಿಕೊಳ್ಳುದು ಎಂತಕ್ಕೆ?"

ಮಾತು ಸರಿಯೇ. ಆದರೆ ಕೇಳುವ ಧೈರ್ಯ ನನಗಿರಲಿಲ್ಲ. ಅರ್ಜಿ ಫ್ರಿಜ್ಜಿನ ಮೇಲೆ ಎರಡು ವಾರ ಕೂತಿತು. ಜನನ ಪತ್ರವಿಲ್ಲದೆ ಪಾಸ್‌ಪೋರ್ಟ್ ಇಲ್ಲ, ಪಾಸ್‌ಪೋರ್ಟ್ ಇಲ್ಲದೆ ಮಗುವಿಗೆ ವೀಸಾ ಇಲ್ಲ, ಉಡುಪಿಯಲ್ಲಿ ಕಾಯುತ್ತಿದ್ದ ಅಜ್ಜಿಗೆ ಮೊಮ್ಮಗಳ ಮುಖವಿಲ್ಲ. ಪ್ರಕೃತಿಯ ಮೊರೆ ಹೋಗೋಣವೆಂದು ಗುನ್ನಾರನ ವಿಧಾನದಲ್ಲಿ ಜೋಡಿಪದಗಳನ್ನೂ ಪಟ್ಟಿ ಮಾಡಿದೆ. ಬೇವಿನೆಲೆ ಇಳಾ. ಹುಣಸೆಕೊಂಬೆ ಇಳಾ. ಎರಡನೆಯದನ್ನು ಓದಿದ ವಿದ್ಯಾ, ಹುಣಸೆಕೊಂಬೆಯಲ್ಲಿ ಏನು ನೇತಾಡುತ್ತದೆಂದು ನಿಮ್ಮ ಊರಿನಲ್ಲಿ ಹೇಳಿಕೊಟ್ಟಿಲ್ಲವೇ ಎಂದು ಕೇಳಿದಳು.

ಅದೇ ಸಮಯಕ್ಕೆ ನಮ್ಮ ಕಂಪನಿಯ ಕಾಗದಪತ್ರಗಳಿಗೆ ಓಡಾಡುವ ಮಂದೂಬ್ ಅಬು ಅಲಿ ಸಿಹಿ ತಿನ್ನಲು ಬಂದ. ಅಬು ಎಂದರೆ ಅಪ್ಪ, ಅಲಿ ಅವನ ಹಿರಿ ಮಗ. ಅವನ ಸ್ವಂತ ಹೆಸರು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅರಬರಲ್ಲಿ ಮಗು ಹುಟ್ಟಿದರೆ ಅಪ್ಪನಿಗೇ ನಾಮಕರಣ. "ಮಬ್ರೂಕ್, ಅಬು ಇಳಾ!" ಎಂದು ಅಭಿನಂದಿಸಿ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟ. ಮಗಳಿಗೆ ಹೆಸರು ಕೊಡಲಾರದೆ ಒದ್ದಾಡುತ್ತಿದ್ದವನಿಗೆ ಅವಳೇ ಒಂದು ಹೆಸರು ಕೊಟ್ಟಿದ್ದಳು.

ಹೆಸರಿನ ವಿಷಯದಲ್ಲಿ ನನ್ನ ಗತಿ ಇನ್ನೂ ಒಂದು ಹಂತ ಕೆಳಗಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಜಿಂಜ್ ಎಂಬ ಬಡಾವಣೆಯಲ್ಲಿ ನಾವಿದ್ದ ಫ್ಲ್ಯಾಟಿನಲ್ಲಿ ಮೊದಲು ಥಾಮಸ್ ಎಂಬುವರಿದ್ದರು. ಕೆಳಗಿನ ಕೋಲ್ಡ್ ಸ್ಟೋರಿನ, ಅಂದರೆ ನಮ್ಮ ಬೀದಿಮೂಲೆಯ ದಿನಸಿ ಅಂಗಡಿಯ ಕುಞ್ಞಿಕ್ಕ ಆ ಫ್ಲ್ಯಾಟಿನಿಂದ ಯಾರು ಫೋನು ಮಾಡಿದರೂ 'ಥಾಮಸ್ ಸಾರ್' ಎಂದೇ ಅನ್ನುತ್ತಿದ್ದ. ನಾನು ಮೊದಲು ತಿದ್ದಿದೆ, ಆಮೇಲೆ ಬೇಸರವಾಗಿ ಬಿಟ್ಟೆ, ಕೊನೆಗೆ ನಾನೇ ಫೋನು ಎತ್ತಿ "ಥಾಮಸ್ ಬೋಲ್ ರಹಾ ಹೂಂ, ಎರಡು ಪ್ಯಾಕೆಟ್ ಮೊಸರು" ಎನ್ನತೊಡಗಿದೆ. ಹಣೆಯಲ್ಲಿ ವಿಭೂತಿ ಧರಿಸಿಕೊಂಡು ಥಾಮಸ್ ಆಗಿರುವುದರಲ್ಲಿ ನನಗೆ ಯಾವ ತೊಂದರೆಯೂ ಆಗಲಿಲ್ಲ, ಮೊಸರು ಸರಿಯಾದ ಸಮಯಕ್ಕೆ ಬರುತ್ತಿತ್ತು.

ಇದನ್ನು ಕೇಳಿ ಗುನ್ನಾರ್ ನಗಲಿಲ್ಲ. ತನ್ನ ತಾಯಿಯ ಕಡೆಯವರು ದಾಲಾರ್ನಾ ಎಂಬ ಸೀಮೆಯವರು, ಅಲ್ಲಿ ಹೊಲಮನೆಗೇ ಹೆಸರು, ಆ ಹೆಸರು ಅಲ್ಲಿರುವವರಿಗೆ ಎಂದ. ಅದೂ ಮನುಷ್ಯನ ಹೆಸರಿನ ಹಿಂದೆ ಅಲ್ಲ, ಮುಂದೆ! ದಿಣ್ಣೆಯ ಮೇಲಿನ ಮನೆಯ ಕರಿನ್ ಎಂದರೆ ಬಾಕ್ ಕರಿನ್. ಮನೆಯಳಿಯನಾಗಿ ಬಂದ ಗಂಡಸೂ ತನ್ನ ಹಳೆಯ ಹೊಲಮನೆಯ ಹೆಸರು ಬಿಟ್ಟು ಹೆಂಡತಿಯ ಮನೆಯ ಹೆಸರು ಹೊರಬೇಕು. ನಾನು ಕೂತಲ್ಲೇ ಎದ್ದು ನಿಂತೆ. ಊರು ಮೊದಲು, ಮನುಷ್ಯ ಆಮೇಲೆ ಎಂಬ ಪದ್ಧತಿ ಹೊಸದುರ್ಗ ತಾಲ್ಲೂಕಿನ ಆಚೆಯೂ ಇದೆ, ಅದೂ ಹಿಮ ಬೀಳುವ ದೇಶದಲ್ಲಿ! ನೋಡಿದೆಯಾ, ಅದಕ್ಕೇ ನಾನು ಎಚ್ ಬಿಡುವುದಿಲ್ಲ ಎಂದೆ. ಗುನ್ನಾರ್ ಚಿತ್ರಾನ್ನದ ಕಡಲೆಬೀಜವನ್ನು ಒಂದೊಂದಾಗಿ ಆರಿಸಿ ತಿನ್ನುತ್ತಾ, ಅದು ಸರಿ, ಆದರೆ ಆ ಮನೆಯಲ್ಲಿ ಇರುವವರಿಗೆ ಆ ಹೆಸರು, ಬಿಟ್ಟುಹೋದವರಿಗೆ ಅಲ್ಲ ಎಂದ. ನಿನ್ನಪ್ಪನನ್ನು ಕೇಳಿದೆಯಾ ಎಂದೂ ಕೇಳಿದ. ಹೆಂಡತಿಯೂ ಸ್ವೀಡನ್ನೂ ಒಂದೇ ಪ್ರಶ್ನೆ ಕೇಳತೊಡಗಿದರೆ ಗಂಡಸಿಗೆ ದಾರಿ ಕಮ್ಮಿ.

ನನಗೆ ಭಯ ಎಂದು ಒಪ್ಪಿಕೊಂಡೆ. ಅವರು ಸಿಟ್ಟಾದರೆ ತಡೆದುಕೊಳ್ಳಬಹುದು. 'ನಿನ್ನಿಷ್ಟ ಕಣಪ್ಪ' ಎಂದು ಮೆತ್ತಗೆ ಹೇಳಿ ಫೋನಿಟ್ಟರೆ ಏನು ಮಾಡಲಿ? ಗುನ್ನಾರ್ ಒಂದು ಒಪ್ಪಂದ ಮುಂದಿಟ್ಟ: ಸ್ಟೋರಿನಲ್ಲಿ ಹಲ್ಲಿ ಮತ್ತೆ ಬಂದಿದೆ. ನಾನು ಒಳಗೆ ಹೋಗಿ ಕೊನೆಯ ಕಪಾಟಿನಿಂದ ಗ್ಯಾಸ್ಕೆಟ್ ತರುತ್ತೇನೆ, ನೀನು ಅಪ್ಪನಿಗೆ ಫೋನು ಮಾಡು. ಇಬ್ಬರೂ ಒಟ್ಟಿಗೇ. ಆರಡಿ ಮೀರಿದ ಆ ಮನುಷ್ಯ ಅಂಗಿಯ ಕಾಲರನ್ನು ಕಿವಿಯವರೆಗೆ ಏರಿಸಿಕೊಂಡು ಹೊಸಿಲು ದಾಟುವುದನ್ನು ನೋಡಿದ ಮೇಲೆ ನನಗೆ ಹಿಂದೆಗೆಯಲು ಮುಖವಿರಲಿಲ್ಲ. ಫೋನ್ ಕಾರ್ಡನ್ನು ಉಗುರಿನಿಂದ ಗೀರಿ, ಉದ್ದದ ನಂಬರು ಒತ್ತಿದೆ.

ಅಪ್ಪ ಎಲ್ಲ ಕೇಳಿಸಿಕೊಂಡರು. ಶಾಲೆಯಲ್ಲಿ ಮಗುವಿಗೆ ಆಗುವ ಪಾಡು, ವಿದ್ಯಾಳ ಬಸ್‌ ಸ್ಟ್ಯಾಂಡು, ಫ್ರಿಜ್ಜಿನ ಮೇಲಿನ ಅರ್ಜಿ. ಆಮೇಲೆ ನಗುವ ಸದ್ದು.

"ಹೊಸದುರ್ಗ ನಮ್ದು ಅಂತ ಯಾರೋ ಹೇಳಿದ್ದು ನಿಂಗೆ?"

"ಅಂದ್ರೆ?"

"ನಮ್ಮಪ್ಪ ರಸ್ತೆ ಕೆಲಸದೋನು ಕಣಪ್ಪ. ಮೇಸ್ತ್ರಿ ಹಿಂದೆ ಗುದ್ಲಿ ಹೊತ್ಕೊಂಡು ಊರೂರು ಸುತ್ತಿದೋನು. ನಂಗೆ ಆರು ವರ್ಷ ತುಂಬೋ ಹೊತ್ತಿಗೆ ರಸ್ತೆ ಹೊಸದುರ್ಗಕ್ಕೆ ಬಂದಿತ್ತು. ಸ್ಕೂಲಿಗೆ ಸೇರ್ಸಿದ. ಯಾವೂರಯ್ಯ ಅಂದ್ರು ಮೇಷ್ಟ್ರು. ಸದ್ಯ ಇರೋದು ಹೊಸದುರ್ಗ ಸ್ವಾಮಿ, ಅಂದ. ಅವ್ರು ಬರ್ಕಂಡ್ರು. ಅಷ್ಟೇ ಕಥೆ."

"ಮತ್ತೆ ತಾತನ ಊರು ಯಾವುದು?"

"ಅದನ್ನ ಅವನು ಸರಿಯಾಗಿ ಹೇಳ್ಲೇ ಇಲ್ಲ. ಕೇಳಿದ್ರೆ ರಸ್ತೆ ಕಡೆ ಕೈ ತೋರ್ಸೋನು."

ಇಷ್ಟು ವರ್ಷ ತಲೆಯ ಮೇಲೆ ಹೊತ್ತು ತಿರುಗಿದ ಊರು, ನಮ್ಮ ತಾತನಿಗೆ ಕೆಲಸ ಸಿಕ್ಕಿದ್ದ ಊರು! ಆ ವರ್ಷ ಕಂಟ್ರಾಕ್ಟರು ಸ್ವಲ್ಪ ಚುರುಕಾಗಿದ್ದಿದ್ದರೆ ನಾನು ಮಿಸ್ಟರ್ ಹೊಳಲ್ಕೆರೆ, ಸೋಮಾರಿಯಾಗಿದ್ದಿದ್ದರೆ ಮಿಸ್ಟರ್ ಹಿರಿಯೂರು. ಹೇಗಾದರೂ ಎಚ್ ಅಂತೂ ತಪ್ಪುತ್ತಿರಲಿಲ್ಲ, ಆ ಮಾತು ಬೇರೆ. ಸ್ವೀಡನ್ನಿನ ಸಿಪಾಯಿಗೆ ಗುಡಿಸಲಿನಿಂದ ಹೆಸರು, ನನಗೆ ಥಾಮಸನ ಫ್ಲ್ಯಾಟಿನಿಂದ ಹೆಸರು, ನಮ್ಮಪ್ಪನಿಗೆ ಟಾರು ಡ್ರಮ್ಮು ನಿಂತ ಜಾಗದಿಂದ ಹೆಸರು.

"ಆದ್ರೆ ಕೂಸಿಗೆ ನಿಮ್ಮ ಇನಿಶಿಯಲ್ ಬಂತು ಅಂತ ಖುಷಿಪಟ್ಟಿದ್ರಲ್ಲಪ್ಪ," ಎಂದೆ.

"ಪಟ್ಟೆ. ಈಗ್ಲೂ ಪಡ್ತೀನಿ. ಹಂಗಂತ ಸುಳ್ಳು ಬರ್ಸಕ್ಕಾಗುತ್ತಾ? ಈಗ ಇರೋ ಊರು ಬರೆಯೋದು ನಮ್ಮನೆ ಪದ್ಧತಿ. ನೀನಿರೋ ಕಡೆ ಏನಂತಾರೆ ಅದಕ್ಕೆ?"

"ಜಿಂಜ್. ಇಂಗ್ಲಿಷಲ್ಲಿ ಝೆಡ್‌ನಿಂದ ಶುರು."

"ಎಂಥದು? ಶುಂಠಿ ಸೋಡಾ ಇದ್ದಂಗಿದೆ. ಇರ್ಲಿ. ಅರ್ಜಿಗೆ ನಿನ್ ಹೆಂಡ್ತಿ ಹೇಳಿದಂಗೆ ಬರಿ. ಅವಳಿಗೆ ಬುದ್ಧಿ ಐತೆ."

ಫೋನಿಡುವ ಹೊತ್ತಿಗೆ ಗುನ್ನಾರ್ ಸ್ಟೋರಿನ ಬಾಗಿಲಲ್ಲಿ ನಿಂತಿದ್ದ. ಮುಖ ಸುಣ್ಣದಂತೆ ಬೆಳ್ಳಗಾಗಿತ್ತು, ಕೈಯಲ್ಲಿ ಗ್ಯಾಸ್ಕೆಟ್ ಇತ್ತು. ತಂದದ್ದು ತಪ್ಪು ಅಳತೆಯದು. ನಾನು ಹೇಳಲಿಲ್ಲ. ಆ ಹೊತ್ತಿಗೆ ಅವನು ಮನೆತನದ ಹೆಸರನ್ನು ಉಳಿಸಿದ್ದ, ಅಷ್ಟು ಸಾಕು.

ಅರ್ಜಿಯಲ್ಲಿ ಇಳಾ ಎಂದು ಮುಂದೆ, ಚಂದ್ರಶೇಖರ ಎಂದು ಹಿಂದೆ ಬರೆದೆವು. ಕೌಂಟರಿನ ಹೆಂಗಸು ಓದಿ, "ನೌ ಫ್ಯಾಮಿಲಿ," ಎಂದು ಠಸ್ಸೆ ಹೊಡೆದಳು. ಗುನ್ನಾರನ ಪ್ರಕಾರ ಇಳಾ ಈಗ ಚಂದ್ರಶೇಖರದೋತರ್, ಅಪ್ಪಟ ಹಳೇ ಸ್ವೀಡನ್ನಿನ ಹುಡುಗಿ. ಅಲ್ಲಿ ನೂರು ವರ್ಷದ ಹಿಂದೆ ಸರ್ಕಾರ ಮನೆತನದ ಹೆಸರು ಕಡ್ಡಾಯ ಮಾಡಿದಾಗ, ಹೆಣ್ಣುಮಕ್ಕಳೂ ಆಂಡರ್ಸನ್, ಲಾರ್ಸನ್ ಎಂದು ಯಾರದೋ ಗಂಡುಮಕ್ಕಳಾಗಿಬಿಟ್ಟರಂತೆ. ನಮ್ಮವಳಿಗೆ ಆ ಪಾಡು ಬರಲಿಲ್ಲ. ಅಪ್ಪನ ಬೇಜಾರು ಎಂದು ನಾನು ಎರಡು ವಾರ ಸಾಕಿಕೊಂಡಿದ್ದು ನನ್ನದೇ ಬೇಜಾರು ಎಂದು ಆಮೇಲೆ ಹೊಳೆಯಿತು. ಊರು ಬಿಟ್ಟವನು ನಾನು. ಮಗಳ ಹೆಸರಿನಲ್ಲಿ ಊರು ಕಟ್ಟಿಕೊಳ್ಳಲು ಹೊರಟವನೂ ನಾನೇ.

ಗುನ್ನಾರ್ ಮರುವರ್ಷ ಸ್ವೀಡನ್ನಿಗೆ ವಾಪಸಾದ. ಇಳಾಗೆ ಮೂರು ತುಂಬಿದಾಗ ಅಪ್ಪ ಒಂದು ಪಾರ್ಸೆಲ್ ಕಳಿಸಿದರು. ಒಳಗೆ ಕನ್ನಡ ಅಕ್ಷರಮಾಲೆಯ ಪುಸ್ತಕ. ಮೊದಲ ಪುಟದಲ್ಲಿ ಹಾಜರಿ ಪುಸ್ತಕದ ಅದೇ ದುಂಡು ಅಕ್ಷರ: 'ಝೆಡ್. ಸಿ. ಇಳಾ'. ಕೆಳಗೆ ಸಣ್ಣದಾಗಿ, 'ಜಿಂಜ್ ಚಂದ್ರಶೇಖರ ಇಳಾ'.

ಬಹರೈನಿನಲ್ಲಿ ನಮ್ಮ ಮಕ್ಕಳು ಎಷ್ಟು ವರ್ಷ ಆಡಿ ಬೆಳೆದರೂ, ಅಪ್ಪನ ಕೆಲಸ ಇರುವವರೆಗೆ ವೀಸಾ, ವೀಸಾ ಇರುವವರೆಗೆ ಊರು. ಕೆಲಸ ಮುಗಿದ ದಿನ ಸಾಮಾನು ಕಟ್ಟಬೇಕು. ಇದರ ಬಗ್ಗೆ ಯಾರ ಮೇಲೂ ನನಗೆ ದೂರಿಲ್ಲ, ಗೊತ್ತಿದ್ದೇ ಬಂದವರು ನಾವು. ಆದರೂ ಜಿಂಜ್ ನಿನ್ನ ಊರು ಎಂದು ಅವಳಿಗೆ ಬರೆದುಕೊಡಲು ಇಲ್ಲಿನ ಯಾವ ಕಚೇರಿಯಲ್ಲೂ ಕಾಗದವಿರಲಿಲ್ಲ, ನನಗೂ ತೋಚಿರಲಿಲ್ಲ. ಜಿಂಜ್ ನೋಡದ ಒಬ್ಬ ಮೇಷ್ಟ್ರು ಹೊಸದುರ್ಗದಲ್ಲಿ ಕೂತು ಬರೆದುಕೊಟ್ಟಿದ್ದರು.

ಈಗ ಅವಳಿಗೆ ಆರು. ಎಲ್ಲ ಪುಸ್ತಕಗಳ ಮೇಲೂ ಅವಳೇ ಝೆಡ್. ಸಿ. ಎಂದು ಬರೆದುಕೊಳ್ಳುತ್ತಾಳೆ, ಶಾಲೆಯ ಟೀಚರು ಹೊಡೆದುಹಾಕುತ್ತಾರೆ, ಇವಳು ಮತ್ತೆ ಬರೆಯುತ್ತಾಳೆ. ಮೊನ್ನೆ ನನ್ನ ಹಳೆಯ ಮಾರ್ಕ್ಸ್ ಕಾರ್ಡ್ ಕೈಗೆ ಸಿಕ್ಕಿ, ಓದಿ, ಕೇಳಿದಳು:

"ಅಪ್ಪಾ, ನಿನ್ನ ಎಚ್ ಅಂದ್ರೆ ವಾಟ್?"

"ನಮ್ಮ ತಾತನ ರಸ್ತೆ ಅಲ್ಲೀತನಕ ಬಂದಿತ್ತು ಮಗಾ," ಎಂದೆ.

"ಮತ್ತೆ ನನ್ನ ಝೆಡ್?"

"ಅದೇ ರಸ್ತೆ. ಇನ್ನೂ ಸ್ವಲ್ಪ ಮುಂದೆ."